ಚಿನ್ನ ಹುಟ್ಟಿದ್ದೆಲ್ಲಿ? ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ, ಮ್ಯಾಗ್ನೆಟಾರ್ ಮತ್ತು ಕೂಡಿಬರದ ಲೆಕ್ಕ

ಚಿನ್ನ ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಲ್ಲಿ ಸುದ್ದಿಮಾಧ್ಯಮಗಳು ಒಂದಲ್ಲ, ನಾಲ್ಕು ಉತ್ತರ ಕೊಟ್ಟಿವೆ. 2017ರಲ್ಲಿ ನ್ಯೂಟ್ರಾನ್ ನಕ್ಷತ್ರಗಳ, ಅಂದರೆ ಸಿಡಿದ ದೈತ್ಯ ನಕ್ಷತ್ರಗಳ ಉಳಿದ ತಿರುಳುಗಳ, ಡಿಕ್ಕಿಯಿಂದ ಎಂದವು. 2019ರಲ್ಲಿ ಕುಸಿಯುವ ದೈತ್ಯ ನಕ್ಷತ್ರಗಳೇ ಮುಖ್ಯ ಮೂಲ ಎಂದವು. 2025ರ ಏಪ್ರಿಲ್‌ನಲ್ಲಿ ಮ್ಯಾಗ್ನೆಟಾರ್ ಎಂಬ ಹೆಸರು ಬಂತು, ಅದೇ ವರ್ಷದ ಕೊನೆಗೆ ‘ಸೂಪರ್‌ಕಿಲೋನೋವಾ’. ಹಾಗಾದರೆ ಮೊದಲು ಹೇಳಿದ್ದು ಸುಳ್ಳೇ ಎಂದು ಓದುಗರು ಕೇಳಿದರೆ ತಪ್ಪಿಲ್ಲ.

ಸುಳ್ಳಲ್ಲ. ಬೇರೆ ಬೇರೆಯಾದ ಎರಡು ಪ್ರಶ್ನೆಗಳು ಶೀರ್ಷಿಕೆಗಳಲ್ಲಿ ಕಲಸಿಹೋಗಿವೆ, ಅಷ್ಟೆ. ಡಿಕ್ಕಿಯಲ್ಲಿ ಭಾರವಾದ ಧಾತುಗಳು ಹುಟ್ಟುತ್ತವೆಯೇ ಎಂಬುದು ಮೊದಲನೆಯದು. ಅದು ತೀರ್ಮಾನವಾಗಿದೆ, ಹುಟ್ಟುತ್ತವೆ. ನಮ್ಮ ಹಾಲುಹಾದಿಯಲ್ಲಿರುವ ಭಾರ ಧಾತುಗಳೆಲ್ಲ ಡಿಕ್ಕಿಯಿಂದಲೇ ಬಂದವೇ ಎಂಬುದು ಎರಡನೆಯದು. ಅದು ಜಮಾ-ಖರ್ಚಿನ ಪ್ರಶ್ನೆ, ಇನ್ನೂ ಕೂಡಿಬಂದಿಲ್ಲ. ಒಂದು ಘಟನೆಯಲ್ಲಿ ಎಷ್ಟು ಉತ್ಪತ್ತಿ, ಅಂಥ ಘಟನೆ ಎಷ್ಟು ಸಲ, ಯಾವ ಕಾಲದಲ್ಲಿ: ಈ ಮೂರನ್ನು ಹಿಡಿದುಕೊಂಡರೆ ಯಾವ ಶೀರ್ಷಿಕೆಗೆ ಎಷ್ಟು ತೂಕ ಕೊಡಬೇಕು ಎಂಬುದು ತಿಳಿಯುತ್ತದೆ.

ಕಬ್ಬಿಣದಲ್ಲಿ ನಿಂತುಹೋಗುವ ಕುಲುಮೆ

ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಯಲ್ಲಿ ದಶಕಗಳ ಕಾಲ ಕರಗಿತು. ಆ ಕಬ್ಬಿಣದ ಹುಟ್ಟಿನ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ ತಕರಾರಿಲ್ಲ. ನಕ್ಷತ್ರ ಸಿಡಿಯುವಾಗ ನಿಕಲ್-56 ಆಗುತ್ತದೆ. ಅದು 6 ದಿನಗಳ ಅರ್ಧಾಯುವಿನಲ್ಲಿ ಕೋಬಾಲ್ಟ್-56 ಆಗಿ, ಅದು 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣ-56 ಆಗಿ ನಿಲ್ಲುತ್ತದೆ.

ಅಲ್ಲಿಂದ ಮುಂದಕ್ಕೆ ದಾರಿ ಬೇರೆ. ಹಗುರ ಪರಮಾಣು ಬೀಜಗಳು (ನ್ಯೂಕ್ಲಿಯಸ್) ಬೆಸೆದಾಗ ಶಕ್ತಿ ಹೊರಬರುತ್ತದೆ. ನಕ್ಷತ್ರ ಉರಿಯುವುದೇ ಅದರಿಂದ. ಕಬ್ಬಿಣದ ಆಸುಪಾಸಿನ ಬೀಜಗಳು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ, ಅದನ್ನು ದಾಟಿ ಬೆಸೆಯಬೇಕಾದರೆ ಶಕ್ತಿ ಸಿಗುವುದಿಲ್ಲ, ಶಕ್ತಿಯನ್ನು ಕೊಡಬೇಕಾಗುತ್ತದೆ. ಜೊತೆಗೆ 26 ಪ್ರೋಟಾನ್‌ಗಳ ಧನಾವೇಶ ಹತ್ತಿರ ಬರುವ ಇನ್ನೊಂದು ಬೀಜವನ್ನು ಹಿಂದಕ್ಕೆ ತಳ್ಳುತ್ತದೆ. ಚಿನ್ನಕ್ಕೆ 79 ಪ್ರೋಟಾನ್, ಯುರೇನಿಯಂಗೆ 92. ಬೆಸುಗೆಯಿಂದ ಅಲ್ಲಿಗೆ ತಲುಪುವಂತಿಲ್ಲ.

ಬೀಟಾ ಕ್ಷಯಕ್ಕೆ ಪುರುಸೊತ್ತು ಕೊಡದ ಮಳೆ

ನ್ಯೂಟ್ರಾನಿಗೆ ಆವೇಶವಿಲ್ಲ, ಆದ್ದರಿಂದ ಅದನ್ನು ಯಾರೂ ತಳ್ಳುವುದಿಲ್ಲ. ಅದು ಸೀದಾ ಬೀಜದೊಳಕ್ಕೆ ಹೋಗಿ ಕೂರುತ್ತದೆ. ನ್ಯೂಟ್ರಾನ್ ಹೆಚ್ಚಾದ ಬೀಜ ಅಸ್ಥಿರವಾಗಿ, ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ. ಇದು ಬೀಟಾ ಕ್ಷಯ. ಪ್ರೋಟಾನ್ ಒಂದು ಹೆಚ್ಚಿದರೆ ಧಾತು ಒಂದು ಮೆಟ್ಟಿಲು ಮೇಲೇರಿತು.

ಎಲ್ಲವೂ ನಿಂತಿರುವುದು ವೇಗದ ಮೇಲೆ. ಜಿಟಿಜಿಟಿ ಮಳೆಯಲ್ಲಿ ಒಂದು ಹನಿ ಇಂಗಿದ ಮೇಲೆ ಇನ್ನೊಂದು ಬೀಳುತ್ತದೆ. ಆಷಾಢದ ಆಗುಂಬೆಯಲ್ಲಿ ಹಾಗಲ್ಲ, ಇಂಗುವುದಕ್ಕಿಂತ ಬೀಳುವುದೇ ಜೋರು, ನೀರು ಕಟ್ಟಿಕೊಳ್ಳುತ್ತದೆ. ಮುದಿ ಕೆಂಪು ದೈತ್ಯ ನಕ್ಷತ್ರಗಳಲ್ಲಿ ನಡೆಯುವುದು ಮೊದಲ ಬಗೆಯದು: ಒಂದು ನ್ಯೂಟ್ರಾನ್ ಸೇರಿ ಇನ್ನೊಂದು ಸೇರುವ ಹೊತ್ತಿಗೆ ವರ್ಷಗಳೇ ಕಳೆಯಬಹುದು, ಅಷ್ಟರಲ್ಲಿ ಬೀಟಾ ಕ್ಷಯ ಮುಗಿದಿರುತ್ತದೆ. ಬೇರಿಯಂ, ಸೀಸಗಳ ಬಹುಪಾಲು ಈ ನಿಧಾನದ ದಾರಿಯವು. ಈ ದಾರಿ ಬಿಸ್ಮತ್-209ರಲ್ಲಿ ಮುಗಿಯುತ್ತದೆ. ಅದರಾಚೆಯ ಪೊಲೋನಿಯಂ ಆಲ್ಫಾ ಕಣ ಉಗುಳಿ ಮತ್ತೆ ಸೀಸಕ್ಕೆ ಇಳಿಯುತ್ತದೆ. ಥೋರಿಯಂ, ಯುರೇನಿಯಂ ಈ ದಾರಿಯಲ್ಲಿ ಸಿಗುವುದೇ ಇಲ್ಲ.

ಎರಡನೆಯ ಬಗೆಗೆ ಆರ್-ಪ್ರಕ್ರಿಯೆ ಎಂದು ಹೆಸರು. ಇದಕ್ಕೆ ಒಂದು ಘನ ಸೆಂಟಿಮೀಟರಿನಲ್ಲಿ 1ರ ಮುಂದೆ 20ಕ್ಕೂ ಹೆಚ್ಚು ಸೊನ್ನೆ ಹಾಕಿದಷ್ಟು ನ್ಯೂಟ್ರಾನ್ ಬೇಕು. ಬೀಟಾ ಕ್ಷಯ ಆಗುವ ಮೊದಲೇ ಒಂದರ ಮೇಲೊಂದು ನ್ಯೂಟ್ರಾನ್ ಬಂದು ಬೀಳುತ್ತವೆ. ನ್ಯೂಟ್ರಾನ್ ಸಂಖ್ಯೆ 50, 82, 126 ಆದಾಗ ಬೀಜದ ಕವಚ ತುಂಬಿ, ಇನ್ನೊಂದನ್ನು ಸೇರಿಸಿಕೊಳ್ಳಲು ಅದು ಹಿಂಜರಿಯುತ್ತದೆ. ಅಲ್ಲಿ ಓಟ ತಡೆದು, ಸರಕು ರಾಶಿ ಬೀಳುತ್ತದೆ. ಪ್ರಕೃತಿಯಲ್ಲಿರುವ ಭಾರ ಧಾತುಗಳ ಪ್ರಮಾಣವನ್ನು ಗೆರೆ ಹಾಕಿ ನೋಡಿದರೆ ದ್ರವ್ಯಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಸೇರಿದ ಒಟ್ಟು) 80, 130, 195ರ ಸುತ್ತ ಮೂರು ದಿಬ್ಬ ಕಾಣುವುದು ಇದರಿಂದಲೇ. ಪ್ಲಾಟಿನಂ ಮತ್ತು ಚಿನ್ನ ಮೂರನೆಯ ದಿಬ್ಬದ ಮೇಲೆಯೇ ಕುಳಿತಿವೆ.

1957ರಲ್ಲಿ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್, ಅವರಿಂದ ಪ್ರತ್ಯೇಕವಾಗಿ ಅಲಸ್ಟೇರ್ ಕ್ಯಾಮರಾನ್, ಈ ಪ್ರಕ್ರಿಯೆಯನ್ನು ವಿವರಿಸಿದರು. ಹೇಗೆ ಎಂಬುದು ಅಂದೇ ಗೊತ್ತಾಗಿತ್ತು. ಎಲ್ಲಿ ಎಂಬುದಕ್ಕೆ ಅರವತ್ತು ವರ್ಷ ಹಿಡಿಯಿತು.

ಒಂದು ತಪ್ಪು ಎಲ್ಲ ಕಡೆ ಓಡಾಡುತ್ತಿದೆ, ಅದನ್ನು ಇಲ್ಲೇ ತಿದ್ದಬೇಕು. ‘ಡಿಕ್ಕಿಯ ಕ್ಷಣದಲ್ಲೇ ಚಿನ್ನ ಚಿಮ್ಮಿತು’ ಎಂಬ ವಾಕ್ಯ ಸರಿಯಲ್ಲ. ಸ್ಥಿರವಾದ ಚಿನ್ನ ಒಂದೇ, ಚಿನ್ನ-197. ಆರ್-ಪ್ರಕ್ರಿಯೆಯಲ್ಲಿ ಮೊದಲು ಆಗುವುದು 197 ಕಣಗಳ, ನ್ಯೂಟ್ರಾನ್ ತುಂಬಿ ತುಳುಕುವ ಬೇರೆ ಯಾವುದೋ ಬೀಜ. ಅದು ಬೀಟಾ ಕ್ಷಯದ ಮೆಟ್ಟಿಲು ಹತ್ತುತ್ತಾ ಕೊನೆಗೆ ಪ್ಲಾಟಿನಂ-197 ಆಗುತ್ತದೆ, ಅದರ ಅರ್ಧಾಯು ಸುಮಾರು 20 ಗಂಟೆ. ಸಂಜೆ ಆರಕ್ಕೆ ಡಿಕ್ಕಿಯಾದರೆ ಮರುದಿನ ಮಧ್ಯಾಹ್ನ ಎರಡಕ್ಕೂ ಅರ್ಧದಷ್ಟು ಚಿನ್ನ ಇನ್ನೂ ಪ್ಲಾಟಿನಂ ಆಗಿಯೇ ಇರುತ್ತದೆ.

ಡಿಕ್ಕಿಯಲ್ಲಿ ಏನೇನು ಹೊರಬೀಳುತ್ತದೆ

ನ್ಯೂಟ್ರಾನ್ ನಕ್ಷತ್ರದ ಅಡ್ಡಳತೆ ಸುಮಾರು 24 ಕಿಲೋಮೀಟರ್. ಶಿವಮೊಗ್ಗದಿಂದ ಭದ್ರಾವತಿ ದಾಟಿ ತುಸು ಮುಂದೆ ಹೋದಷ್ಟು. ಅದರೊಳಗೆ ನಮ್ಮ ಸೂರ್ಯನಿಗಿಂತ ಹೆಚ್ಚು ದ್ರವ್ಯ ತುರುಕಿದೆ. ಒಂದು ಘನ ಸೆಂಟಿಮೀಟರ್ ತೂಕ ಸುಮಾರು 40 ಕೋಟಿ ಟನ್. ಅದರಲ್ಲಿ ಪ್ರೋಟಾನ್‌ಗಳ ಪಾಲು ಶೇಕಡಾ ಹತ್ತಕ್ಕಿಂತ ಕಡಿಮೆ, ಮಿಕ್ಕದ್ದು ಬಹುತೇಕ ನ್ಯೂಟ್ರಾನ್. ಕಚ್ಚಾ ಸಾಮಗ್ರಿ ಬೇಕಾದಷ್ಟಿದೆ, ಹೊರಗೆ ಬರುವುದೇ ಕಷ್ಟ: ಅಷ್ಟು ಗುರುತ್ವದಿಂದ ಬಿಡಿಸಿಕೊಳ್ಳಲು ನಕ್ಷತ್ರ ಹರಿಯಬೇಕು.

ಹರಿಯುತ್ತದೆ ಕೂಡ. ಜೋಡಿ ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುವಾಗ ಗುರುತ್ವ ಅಲೆಗಳ (ದೇಶ-ಕಾಲವೇ ಅದುರುವ ಅಲೆಗಳ) ರೂಪದಲ್ಲಿ ಶಕ್ತಿ ಕಳೆದುಕೊಂಡು ಹತ್ತಿರವಾಗುತ್ತಾ ಹೋಗುತ್ತವೆ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡ ಜೋಡಿ 7 ಗಂಟೆ 45 ನಿಮಿಷಕ್ಕೊಮ್ಮೆ ಸುತ್ತುತ್ತದೆ. ಅದು ಡಿಕ್ಕಿ ಹೊಡೆಯಲು ಇನ್ನೂ 30 ಕೋಟಿ ವರ್ಷ ಬೇಕು. ಈ ಕಾಯುವಿಕೆ ನೆನಪಿರಲಿ, ಮುಂದಿನ ತಕರಾರಿಗೆಲ್ಲ ಇದೇ ಮೂಲ.

ದ್ರವ್ಯ ಹೊರಬೀಳುವುದು ಮೂರು ಬಗೆಯಲ್ಲಿ. ಮುಟ್ಟುವ ಮೊದಲೇ ಒಂದರ ಸೆಳೆತಕ್ಕೆ ಇನ್ನೊಂದು ಹಿಗ್ಗಿ, ಸುತ್ತುವ ಸಮತಲದಲ್ಲಿ ಬಾಲದಂತೆ ಚಾಚಿ ಕಿತ್ತುಹೋಗುತ್ತದೆ. ಇದು ತಣ್ಣಗಿನ ಸರಕು, ನ್ಯೂಟ್ರಾನ್ ಅತಿ ಹೆಚ್ಚು. ಎರಡನೆಯದು, ಮೈಗೆ ಮೈ ತಾಗಿದ ಕಡೆ ಹಿಂಡಿಕೊಂಡು ಧ್ರುವಗಳತ್ತ ಚಿಮ್ಮುವ ಬಿಸಿ ಸರಕು. ಮೂರನೆಯದು, ಡಿಕ್ಕಿಯ ಬಳಿಕ ಉಳಿದದ್ದರ ಸುತ್ತ ತಟ್ಟೆಯಂತೆ ನಿಂತ ದ್ರವ್ಯ ಮುಂದಿನ ಕೆಲವು ಸೆಕೆಂಡುಗಳಲ್ಲಿ ಗಾಳಿಯಂತೆ ಬೀಸಿ ಹೋಗುವುದು. ತೂಕದಲ್ಲಿ ಸಾಮಾನ್ಯವಾಗಿ ಇದೇ ದೊಡ್ಡದು. ವೇಗ ಬೆಳಕಿನ ವೇಗದ ಹತ್ತನೇ ಒಂದರಿಂದ ಹತ್ತನೇ ಮೂರು ಭಾಗ. ಹರಡಿ ತಣ್ಣಗಾಗುತ್ತಿರುವ ಈ ಸರಕಿನಲ್ಲಿ ಬೀಜಗಳು ಕೂಡಿಕೊಂಡು, ಸುಮಾರು ಒಂದು ಸೆಕೆಂಡಿನಲ್ಲಿ ಬಿಡಿ ನ್ಯೂಟ್ರಾನ್‌ಗಳನ್ನೆಲ್ಲ ನುಂಗಿ ಮುಗಿಸುತ್ತವೆ.

ಇಲ್ಲಿ ಲೆಕ್ಕ ಕೆಡಿಸುವುದು ನ್ಯೂಟ್ರಿನೋ ಎಂಬ, ಆವೇಶವಿಲ್ಲದ ಅತಿ ಹಗುರ ಕಣ. ಬಿಸಿ ಭಾಗದಿಂದ ಹೊಮ್ಮುವ ನ್ಯೂಟ್ರಿನೋಗಳು ನ್ಯೂಟ್ರಾನ್‌ಗಳನ್ನು ಪ್ರೋಟಾನ್ ಮಾಡುತ್ತವೆ. ಪ್ರೋಟಾನ್ ಪಾಲು ಶೇಕಡಾ 25ರ ಒಳಗಿದ್ದರೆ ಓಟ (ಬೇರಿಯಂ ಮುಂದಿನ ಧಾತುಗಳ ಗುಂಪಾದ) ಲ್ಯಾಂಥನೈಡ್‌ಗಳನ್ನು ದಾಟಿ ಚಿನ್ನದವರೆಗೆ ಹೋಗುತ್ತದೆ. ಅದಕ್ಕಿಂತ ಮೇಲೇರಿದರೆ ಸ್ಟ್ರಾನ್ಷಿಯಂ, ಝಿರ್ಕೋನಿಯಂ ಆಸುಪಾಸಿನಲ್ಲೇ ನ್ಯೂಟ್ರಾನ್ ತೀರಿಹೋಗುತ್ತದೆ. ಡಿಕ್ಕಿಯಾದ ಕೂಡಲೇ ಎಲ್ಲವೂ ಕಪ್ಪುಕುಳಿಗೆ ಕುಸಿದರೆ ಸರಕೂ ಕಡಿಮೆ, ನ್ಯೂಟ್ರಿನೋವೂ ಕಡಿಮೆ. ಸ್ವಲ್ಪ ಹೊತ್ತು ನಿಂತು ಕುಸಿದರೆ ಫಲವೇ ಬೇರೆ. ಹಾಗಾಗಿ ‘ಒಂದು ಡಿಕ್ಕಿಗೆ ಇಷ್ಟು ಚಿನ್ನ’ ಎಂಬ ನಿಗದಿ ಇಲ್ಲ.

2017ರ ಆಗಸ್ಟ್ 17, ಸಂಜೆ 6.11

ಭಾರತೀಯ ಕಾಲಮಾನದ ಪ್ರಕಾರ ಆ ಹೊತ್ತಿಗೆ ಗುರುತ್ವ ಅಲೆ ಹಿಡಿಯುವ ಅಮೆರಿಕದ ಎರಡು ಲೈಗೋ ಶೋಧಕಗಳಲ್ಲಿ ಸುಮಾರು 100 ಸೆಕೆಂಡುಗಳ ಅಲೆಯೊಂದು ದಾಖಲಾಯಿತು. 1.7 ಸೆಕೆಂಡು ಬಿಟ್ಟು ಫರ್ಮಿ ಉಪಗ್ರಹ ಗಾಮಾ ಕಿರಣಗಳ ಮಿಂಚನ್ನು ಕಂಡಿತು. ಕೆಲಸ ಸುಲಭವಾಗೇನೂ ಆಗಲಿಲ್ಲ. ಲಿವಿಂಗ್‌ಸ್ಟನ್ ಶೋಧಕದಲ್ಲಿ ಡಿಕ್ಕಿಗೆ ಒಂದು ಸೆಕೆಂಡು ಮೊದಲು ಜೋರಾದ ಅಡಚಣೆಯ ಸದ್ದು ಸೇರಿಕೊಂಡು, ಗಣಕ ಅದನ್ನು ತಾನಾಗಿ ಗುರುತಿಸಲಿಲ್ಲ. ಆ ಸದ್ದನ್ನು ಕೈಯಾರೆ ತೆಗೆಯಬೇಕಾಯಿತು. ಇಟಲಿಯ ಅಂಥದೇ ಶೋಧಕ ವರ್ಗೋದಲ್ಲಿ ಅಲೆ ಅತಿ ಕ್ಷೀಣ. ಆದರೆ ಅದೇ ಸುಳಿವಾಯಿತು: ಅಲೆ ಬಂದದ್ದು ವರ್ಗೋಗೆ ಸರಿಯಾಗಿ ಕೇಳಿಸದ ದಿಕ್ಕಿನಿಂದ. ನಮ್ಮ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಕೂಡ ಆಗ ಭೂಮಿಯ ಮರೆಯಲ್ಲಿತ್ತು, ಗಾಮಾ ಮಿಂಚು ಅದಕ್ಕೆ ಕಾಣಲಿಲ್ಲ. ಕಾಣದಿದ್ದದ್ದೇ ದಿಕ್ಕನ್ನು ಕಿರಿದುಗೊಳಿಸಲು ಒದಗಿತು. ಹುಡುಕಬೇಕಾದ ಆಕಾಶ 28 ಚದರ ಡಿಗ್ರಿಗೆ ಇಳಿಯಿತು. ಹನ್ನೊಂದು ಗಂಟೆಯೊಳಗೆ ಚಿಲಿಯ ಸ್ವೋಪ್ ದೂರದರ್ಶಕ, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕನ್ನು ಹಿಡಿಯಿತು. ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಮುಂದಿನ ತಿಂಗಳುಗಳಲ್ಲಿ ರೇಡಿಯೋ ಅಲೆಗಳನ್ನು ಅಳೆಯಿತು.

ಕಿಲೋನೋವಾ ಎಂದು ಕರೆಯುವ ಆ ಬೆಳಕಿನ ಬಣ್ಣವೇ ಸಾಕ್ಷಿ. ಅದು ಉರಿಯುವುದು ಹೊಸದಾಗಿ ಹುಟ್ಟಿದ ಬೀಜಗಳ ವಿಕಿರಣ ಕ್ಷಯದ ಬಿಸಿಯಿಂದ. ಮೊದಲ ಒಂದೆರಡು ದಿನ ನೀಲಿ, ನಂತರ ವಾರಕ್ಕೂ ಹೆಚ್ಚು ಕಾಲ ಕೆಂಪು ಮತ್ತು ಅವಕೆಂಪು. ಲ್ಯಾಂಥನೈಡ್ ಪರಮಾಣುಗಳ ಎಲೆಕ್ಟ್ರಾನ್ ವ್ಯವಸ್ಥೆ ಎಷ್ಟು ಜಟಿಲವೆಂದರೆ ಅವು ಲಕ್ಷಾಂತರ ಅಲೆಯುದ್ದಗಳಲ್ಲಿ ಬೆಳಕನ್ನು ಹೀರುತ್ತವೆ. ನೀಲಿ ತಪ್ಪಿಸಿಕೊಳ್ಳಲಾರದು, ಕೆಂಪು ನಿಧಾನವಾಗಿ ಸೋರುತ್ತದೆ. ನೀಲಿ ಬಂದದ್ದು ಲ್ಯಾಂಥನೈಡ್ ಇಲ್ಲದ ಭಾಗದಿಂದ, ಕೆಂಪು ಬಂದದ್ದು ಇರುವ ಭಾಗದಿಂದ. ಬೆಳಕಿನ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಚಿಮ್ಮಿದ ಸರಕು ಸೂರ್ಯನ ದ್ರವ್ಯದ ಸುಮಾರು ಶೇಕಡಾ 5, ಅಂದರೆ 16 ಸಾವಿರಕ್ಕೂ ಹೆಚ್ಚು ಭೂಮಿಗಳ ತೂಕ.

ಅದರಲ್ಲಿ ಚಿನ್ನವನ್ನು ಯಾರೂ ನೇರವಾಗಿ ಕಂಡಿಲ್ಲ. 2019ರಲ್ಲಿ ರೋಹಿತದಲ್ಲಿ ಗುರುತಿಸಿದ್ದು ಸ್ಟ್ರಾನ್ಷಿಯಂ. 2023ರ ಮಾರ್ಚ್ 7ರ ಇನ್ನೊಂದು ಸ್ಫೋಟದಲ್ಲಿ ಜೇಮ್ಸ್ ವೆಬ್ ದೂರದರ್ಶಕ ಕಂಡದ್ದು ಟೆಲ್ಲೂರಿಯಂನ ಗುರುತು. ‘ಇಷ್ಟು ಭೂಮಿಗಳ ತೂಕದ ಚಿನ್ನ’ ಎಂದು ಹತ್ತರಿಂದ ಇನ್ನೂರರವರೆಗೆ ಓಡಾಡುವ ಸಂಖ್ಯೆಗಳೆಲ್ಲ ಮಾದರಿಗಳಿಂದ ಬಂದವು. ಈ ಬೀಜಗಳಲ್ಲಿ ಬಹಳಷ್ಟನ್ನು ಯಾವ ಪ್ರಯೋಗಾಲಯದಲ್ಲೂ ಮಾಡಿ ಅಳೆದಿಲ್ಲ. ಅವುಗಳ ದ್ರವ್ಯ, ಅರ್ಧಾಯುಗಳನ್ನು ಊಹಿಸಿಯೇ ಲೆಕ್ಕಕ್ಕೆ ಹಾಕಬೇಕು. ಸಂಖ್ಯೆ ಹಿಗ್ಗುವುದು ಕುಗ್ಗುವುದು ಅದರಿಂದ.

ತಕರಾರು ಎಲ್ಲಿ

ಹಾಲುಹಾದಿಯಲ್ಲಿರುವ ಆರ್-ಪ್ರಕ್ರಿಯೆಯ ಒಟ್ಟು ಸರಕು ಸುಮಾರು 10 ಸಾವಿರ ಸೂರ್ಯರಷ್ಟು. ಪ್ರತಿ ಡಿಕ್ಕಿಗೆ 0.05 ಸೂರ್ಯ ಎಂದಿಟ್ಟುಕೊಳ್ಳಿ. ಸಾವಿರ ಕೋಟಿ ವರ್ಷಗಳಲ್ಲಿ ಎರಡು ಲಕ್ಷ ಡಿಕ್ಕಿ ಆಗಬೇಕು, ಅಂದರೆ 50 ಸಾವಿರ ವರ್ಷಕ್ಕೊಂದು. ಹತ್ತು ಲಕ್ಷ ವರ್ಷಕ್ಕೆ 20. ಗುರುತ್ವ ಅಲೆಗಳ ಇತ್ತೀಚಿನ ಅಂದಾಜನ್ನು ನಮ್ಮ ಗ್ಯಾಲಕ್ಸಿಗೆ ಇಳಿಸಿದರೆ ಹತ್ತು ಲಕ್ಷ ವರ್ಷಕ್ಕೆ ಸುಮಾರು ಒಂದರಿಂದ 25 ಡಿಕ್ಕಿ. ಮೇಲಿನ ಅಂಚು ಸರಿಹೊಂದುತ್ತದೆ, ಕೆಳಗಿನ ಅಂಚು ಹೊಂದುವುದಿಲ್ಲ. ಹಿಂದಿನ ಅಂದಾಜಿನ ಮೇಲಿನ ಅಂಚು 170ರ ಹತ್ತಿರವಿತ್ತು, ಆಗ ಇದು ಚಿಂತೆಯ ವಿಷಯವಾಗಿರಲಿಲ್ಲ. 2023ರ ಮೇಯಿಂದ 2025ರ ನವೆಂಬರ್‌ವರೆಗಿನ ಗುರುತ್ವ ಅಲೆ ವೀಕ್ಷಣೆಯ ನಾಲ್ಕನೇ ಸುತ್ತಿನಲ್ಲಿ 2017ರಂತೆ ಅಲೆಯೂ ಬೆಳಕೂ ಸೇರಿ ಬಂದ ಖಚಿತ ಡಿಕ್ಕಿ ಇನ್ನೊಂದು ಸಿಗಲಿಲ್ಲ.

ಅದಕ್ಕಿಂತ ಕಷ್ಟದ್ದು ಕಾಲದ ತಕರಾರು. ನಕ್ಷತ್ರಗಳು ಹುಟ್ಟಿ, ಸಿಡಿದು, ಜೋಡಿಯಾಗಿ ಉಳಿದು, ಸುತ್ತಿ ಸುತ್ತಿ ಡಿಕ್ಕಿ ಹೊಡೆಯಲು ಸಾಮಾನ್ಯವಾಗಿ ಕೋಟ್ಯಂತರ ವರ್ಷ ಬೇಕು. ಆದರೆ ಬಹಳ ಹಳೆಯ, ಕಬ್ಬಿಣ ತೀರಾ ಕಡಿಮೆ ಇರುವ ನಕ್ಷತ್ರಗಳಲ್ಲೂ ಯುರೋಪಿಯಂ ಕಾಣುತ್ತದೆ. ಅದು ಆರ್-ಪ್ರಕ್ರಿಯೆಯದೇ ಗುರುತು. ಆಮೇಲೆ ಹುಟ್ಟಿದ ನಕ್ಷತ್ರಗಳಲ್ಲಿ ಕಬ್ಬಿಣ ಹೆಚ್ಚಿದಂತೆ ಅದಕ್ಕೆ ಹೋಲಿಸಿದ ಯುರೋಪಿಯಂ ಪ್ರಮಾಣ ಇಳಿಯುತ್ತದೆ. ತಡವಾಗಿ ಬರುವ ಮೂಲವೇ ಮುಖ್ಯವಾಗಿದ್ದರೆ ಹಾಗೆ ಇಳಿಯಬಾರದಿತ್ತು. ಬೇಗ ಶುರುವಾಗುವ ಇನ್ನೊಂದು ಮೂಲ ಇದೆ ಎಂಬ ವಾದಕ್ಕೆ ಬಲ ಬಂದದ್ದು ಇಲ್ಲಿ.

ಎದುರು ಸಾಕ್ಷಿಯೂ ಗಟ್ಟಿಯಾಗಿದೆ. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದೂರದ ರೆಟಿಕ್ಯುಲಮ್-2 ಎಂಬ ಪುಟ್ಟ ಗ್ಯಾಲಕ್ಸಿಯಲ್ಲಿ 2016ರಲ್ಲಿ ನೋಡಿದ 9 ನಕ್ಷತ್ರಗಳಲ್ಲಿ 7ರಲ್ಲಿ ಭಾರ ಧಾತು ವಿಪರೀತ ಇತ್ತು. ಅಂಥ ಬೇರೆ ಗ್ಯಾಲಕ್ಸಿಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ಅಪರೂಪಕ್ಕೊಮ್ಮೆ ಭಾರೀ ಪ್ರಮಾಣದಲ್ಲಿ ಸುರಿಯುವ ಮೂಲವಾದರೆ ಮಾತ್ರ ಹೀಗಾಗುತ್ತದೆ. ಸಮುದ್ರದ ತಳದ ಪದರಗಳಲ್ಲಿ, ಆರ್-ಪ್ರಕ್ರಿಯೆಯಲ್ಲೇ ಹುಟ್ಟುವ ಪ್ಲುಟೋನಿಯಂ-244 ತೀರಾ ಕಡಿಮೆ ಇರುವುದೂ ಇದನ್ನೇ ಹೇಳುತ್ತದೆ: ನಕ್ಷತ್ರ ಸಿಡಿಯುವ ಸಾಮಾನ್ಯ ಸೂಪರ್‌ನೋವಾಗಳು ಅದನ್ನು ಮಾಡುವಂತಿದ್ದರೆ ಪದೇ ಪದೇ ಬಂದು ಬೀಳಬೇಕಿತ್ತು.

ಮ್ಯಾಗ್ನೆಟಾರ್ ತಂದದ್ದು ಎಷ್ಟು

ಅತಿ ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವೇ ಮ್ಯಾಗ್ನೆಟಾರ್. 2004ರ ಡಿಸೆಂಬರ್ 27ರಂದು ಎಸ್‌ಜಿಆರ್ 1806-20 ಎಂಬುದು ಭಾರೀ ಮಿಂಚು ಹೊರಹಾಕಿತು. ಅದಾದ ಸುಮಾರು ಹತ್ತು ನಿಮಿಷಕ್ಕೆ ಗಾಮಾ ಕಿರಣ ಮತ್ತೊಮ್ಮೆ ಏರಿ ನಿಧಾನವಾಗಿ ಇಳಿದದ್ದು ದಾಖಲಾಗಿ, ವಿವರಣೆ ಇಲ್ಲದೆ ಇಪ್ಪತ್ತು ವರ್ಷ ಬಿದ್ದಿತ್ತು. ಹೊಸದಾಗಿ ಹುಟ್ಟಿದ ಭಾರ ಬೀಜಗಳ ಕ್ಷಯವೇ ಅದು ಎಂದು ಅನಿರುದ್ಧ ಪಟೇಲ್ ಮತ್ತು ಜೊತೆಗಾರರು 2025ರಲ್ಲಿ ತೋರಿಸಿದರು. ಸರಕು ಸೂರ್ಯನ ಹತ್ತು ಲಕ್ಷದಲ್ಲೊಂದು ಭಾಗ, ಅಂದರೆ ಭೂಮಿಯ ಮೂರನೇ ಒಂದರಷ್ಟು.

ಇದನ್ನೂ ಗುಣಿಸಿ ನೋಡಬಹುದು. ನಮ್ಮ ಗ್ಯಾಲಕ್ಸಿಯಲ್ಲಿ 1998ರಲ್ಲೊಂದು, 2004ರಲ್ಲೊಂದು ದೊಡ್ಡ ಮಿಂಚು ದಾಖಲಾಗಿದೆ. 1979ರದ್ದು ನೆರೆಯ ಮೆಗಲಾನಿಕ್ ಮೋಡದ್ದು. 25 ವರ್ಷಕ್ಕೊಂದು ಎಂದು ಹಿಡಿದರೆ ಸಾವಿರ ಕೋಟಿ ವರ್ಷಕ್ಕೆ 40 ಕೋಟಿ ಮಿಂಚು, 400 ಸೂರ್ಯರಷ್ಟು ಸರಕು: ಒಟ್ಟಿನ ಶೇಕಡಾ 4. ಸಂಶೋಧಕರೇ ಹೇಳಿದ್ದು ಶೇಕಡಾ 1ರಿಂದ 10. 2004ರದ್ದು ಉಳಿದೆರಡಕ್ಕಿಂತ ಬಹಳ ದೊಡ್ಡದಾದ್ದರಿಂದ ಎಲ್ಲ ಮಿಂಚೂ ಅಷ್ಟೇ ಕೊಡುತ್ತದೆ ಎನ್ನುವಂತಿಲ್ಲ. ‘ಚಿನ್ನದ ಮೂಲ ಪತ್ತೆ’ ಎಂಬ ಶೀರ್ಷಿಕೆ ಹೊತ್ತುಕೊಂಡಿದ್ದು ಈ ಹತ್ತರೊಳಗಿನ ಪಾಲನ್ನು. ಆದರೂ ಇದು ಸಣ್ಣ ಸಂಗತಿಯಲ್ಲ: ಮ್ಯಾಗ್ನೆಟಾರ್ ಹುಟ್ಟಲು ಕಾಯಬೇಕಿಲ್ಲ, ಆದ್ದರಿಂದ ಹಳೆಯ ನಕ್ಷತ್ರಗಳ ಯುರೋಪಿಯಂಗೆ ಅದು ಒಂದು ಉತ್ತರವಾಗಬಲ್ಲದು.

ಕುಸಿಯುವ ದೈತ್ಯರು ಮತ್ತು ‘ಸೂಪರ್‌ಕಿಲೋನೋವಾ’

ವೇಗವಾಗಿ ತಿರುಗುವ ದೈತ್ಯ ನಕ್ಷತ್ರ ಕುಸಿದು ಕಪ್ಪುಕುಳಿಯಾದಾಗ ಅದರ ಸುತ್ತಲೂ ಡಿಕ್ಕಿಯಲ್ಲಾಗುವಂಥದೇ ತಟ್ಟೆ ನಿಲ್ಲುತ್ತದೆ, ಸರಕು ಇನ್ನೂ ಹೆಚ್ಚು. ಭಾರ ಧಾತುಗಳಲ್ಲಿ ಶೇಕಡಾ 80 ಇಲ್ಲಿಂದಲೇ ಎಂದು 2019ರ ಪ್ರಬಂಧ ವಾದಿಸಿತು. ಪರೀಕ್ಷೆಗೆ ಒಳ್ಳೆಯ ಅವಕಾಶ ಸಿಕ್ಕಿದ್ದು 2022ರ ಅಕ್ಟೋಬರ್ 9ರ ಅತಿ ಪ್ರಖರ ಗಾಮಾ ಸ್ಫೋಟದಲ್ಲಿ. ಜೇಮ್ಸ್ ವೆಬ್ ಅದರ ಹಿಂದಿನ ಸೂಪರ್‌ನೋವಾವನ್ನು ನೋಡಿತು, ಭಾರ ಧಾತುವಿನ ಗುರುತು ಕಾಣಲಿಲ್ಲ. ಒಂದೇ ಉದಾಹರಣೆಯಿಂದ ವಾದ ಬೀಳುವುದಿಲ್ಲ, ಆದರೆ ಶೇಕಡಾ 80 ಎನ್ನುವವರ ಧ್ವನಿ ಈಗ ತಗ್ಗಿದೆ.

2025ರ ಆಗಸ್ಟ್ 18ರ ಪ್ರಕರಣ ಇನ್ನೂ ಗೊಂದಲದ್ದು. ಕ್ಷೀಣವಾದ ಗುರುತ್ವ ಅಲೆಯ ದಿಕ್ಕಿನಲ್ಲೇ ಕಂಡ ಬೆಳಕು ಮೊದಲು ಕಿಲೋನೋವಾದಂತೆ ಕೆಂಪಾಯಿತು, ಆಮೇಲೆ ನೀಲಿಗೆ ತಿರುಗಿ ಹೈಡ್ರೋಜನ್ ತೋರಿಸಿತು, ಅದು ಸೂಪರ್‌ನೋವಾದ ಲಕ್ಷಣ. ಸಿಡಿಯುತ್ತಿರುವ ನಕ್ಷತ್ರದೊಳಗೇ ಎರಡು ಪುಟ್ಟ ನ್ಯೂಟ್ರಾನ್ ನಕ್ಷತ್ರಗಳು ಹುಟ್ಟಿ ಡಿಕ್ಕಿ ಹೊಡೆದಿರಬಹುದು ಎಂಬುದು ಒಂದು ವಿವರಣೆ. ಅಲೆಗೂ ಬೆಳಕಿಗೂ ಸಂಬಂಧವೇ ಇಲ್ಲದಿರಬಹುದು ಎಂಬುದು ಇನ್ನೊಂದು, ಸದ್ಯಕ್ಕೆ ಅದೇ ಹೆಚ್ಚು ಸುರಕ್ಷಿತ.

ಇವನ್ನು ಪರಸ್ಪರ ಕಾದಾಡುವ ಬಣಗಳೆಂದು ಓದಬೇಕಿಲ್ಲ. ಕಿಲೋನೋವಾ ಎಂಬ ಹೆಸರನ್ನು 2010ರಲ್ಲಿ ಕೊಟ್ಟ ಬ್ರಯಾನ್ ಮೆಟ್ಸ್‌ಗರ್, 2019ರ ದೈತ್ಯ ನಕ್ಷತ್ರದ ಪ್ರಬಂಧದಲ್ಲೂ 2025ರ ಮ್ಯಾಗ್ನೆಟಾರ್ ಪ್ರಬಂಧದಲ್ಲೂ ಇದ್ದಾರೆ.

ಇದರಿಂದ ಬದಲಾಗುವುದೇನು

ಉಪ್ಪಿನಲ್ಲಿ ಬೆರೆಸುವ ಅಯೋಡಿನ್ನಿನ ಬಹುಪಾಲು ಆರ್-ಪ್ರಕ್ರಿಯೆಯದು. ಕೈಗಾ ಸ್ಥಾವರದಲ್ಲಿ ಸೀಳುವ ಯುರೇನಿಯಂ ಪೂರ್ತಿಯಾಗಿ ಅದರದೇ. ಲಿಂಗನಮಕ್ಕಿಯ ನೀರನ್ನು ಮೇಲಕ್ಕೆ ಎತ್ತಿದ್ದು ಸೂರ್ಯನ ಶಾಖವಾದರೆ, ಕೈಗಾದ ವಿದ್ಯುತ್ ಎಂದೋ ಆ ನ್ಯೂಟ್ರಾನ್ ಮಳೆಯಲ್ಲಿ ಬೀಜದೊಳಗೆ ಕಟ್ಟಿಹಾಕಿದ ಶಕ್ತಿ. ಭೂಮಿಯ ಒಳಶಾಖದಲ್ಲಿ ದೊಡ್ಡ ಪಾಲೂ ಯುರೇನಿಯಂ, ಥೋರಿಯಂ ಕ್ಷಯದ್ದು. ಮೂಲ ಬೇಗ ಶುರುವಾಯಿತೋ ತಡವಾಗಿಯೋ ಎಂಬುದು ಗೊತ್ತಾದರೆ, ಬಿಸಿ ಒಡಲಿನ ಕಲ್ಲಿನ ಗ್ರಹಗಳು ಗ್ಯಾಲಕ್ಸಿಯಲ್ಲಿ ಯಾವಾಗಿಂದ ಸಾಧ್ಯವಾದವು ಎಂಬ ಲೆಕ್ಕವೂ ಬದಲಾಗುತ್ತದೆ.

ಮುಂದಿನ ಸಾಕ್ಷಿ ಎರಡು ಕಡೆಯಿಂದ ಬರಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲಿರುವ ಲೈಗೋ-ಇಂಡಿಯಾಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿದೆ. 2019ರ ಏಪ್ರಿಲ್ 25ರ ಡಿಕ್ಕಿಯ ವೇಳೆ ಅಮೆರಿಕದ ಎರಡರಲ್ಲೊಂದಾದ ಹ್ಯಾನ್‌ಫರ್ಡ್ ಶೋಧಕ ನಿಂತಿತ್ತು. ಹುಡುಕಬೇಕಾದ ಜಾಗ 8,000 ಚದರ ಡಿಗ್ರಿ ದಾಟಿ, ಆಕಾಶದ ಐದನೇ ಒಂದು ಭಾಗವಾಯಿತು. ಬೆಳಕು ಸಿಗಲೇ ಇಲ್ಲ. ದೂರದ ಖಂಡದಲ್ಲಿ ಇನ್ನೊಂದು ಶೋಧಕವಿದ್ದರೆ, ಒಂದು ನಿಂತರೂ ದಿಕ್ಕು ತಪ್ಪುವುದಿಲ್ಲ. ಎರಡನೆಯದು ನಾಸಾದ ಕೋಸಿ ಗಾಮಾ ದೂರದರ್ಶಕ, 2027ರಲ್ಲಿ ಹಾರಬೇಕಿದೆ. ಮ್ಯಾಗ್ನೆಟಾರ್ ಮಿಂಚಿನ ನಂತರದ ಗಾಮಾ ಕಿರಣಗಳನ್ನು ಶಕ್ತಿವಾರು ಬಿಡಿಸಿ ನೋಡಬಲ್ಲದು. ಅದಕ್ಕೆ ನಿಗದಿಯಾದ ಮುಖ್ಯ ಅವಧಿ ಎರಡು ವರ್ಷ. ನಮ್ಮ ಗ್ಯಾಲಕ್ಸಿಯ ಮ್ಯಾಗ್ನೆಟಾರ್‌ಗಳು ದೊಡ್ಡ ಮಿಂಚು ಕೊಡುವುದು ದಶಕಗಳಿಗೊಮ್ಮೆ. ಹಾಗಾಗಿ ನೆರೆಯ ಗ್ಯಾಲಕ್ಸಿಗಳ ಮಿಂಚುಗಳನ್ನೂ ಹಿಡಿಯುವ ಯೋಜನೆ ಜೊತೆಗಿಲ್ಲದಿದ್ದರೆ ಶೇಕಡಾ 1 ಮತ್ತು 10ರ ನಡುವಿನ ಅಂತರ ಸದ್ಯಕ್ಕೆ ಮುಚ್ಚುವುದು ಕಷ್ಟ.